ನಿಮ್ಮಲ್ಲಿ ಎಷ್ಟು ಬಿತ್ತು?

ಫೆಬ್ರುವರಿ ಕಳೆದು ಮಾರ್ಚ್ ಕಾಲಿಡುವ ಹೊತ್ತಿಗೆ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಸುತ್ತಿನ ಕಾಫಿ ತೋಟಗಳ ನಡುವೆ ಒಂದೇ ಪ್ರಶ್ನೆ ಓಡಾಡುತ್ತಿರುತ್ತದೆ. ಸಂಜೆ ಗುಡುಗಿ, ಒಂದಿಷ್ಟು ಮಳೆ ಸುರಿದು ನಿಂತಿತೋ ಇಲ್ಲವೋ, ಫೋನುಗಳು ಶುರು. ‘ನಿಮ್ಮಲ್ಲಿ ಎಷ್ಟು ಬಿತ್ತು ಮಾರಾಯಾ?’ ‘ಎಂಬತ್ತು ಸೆಂಟು. ಹೊಳೆ ಆಚೆಗೆ ಏನೂ ಇಲ್ಲವಂತೆ.’ ಒಂದು ಇಂಚಿಗೆ ನೂರು ಸೆಂಟು. ಮಿಲಿಮೀಟರಿನ ಲೆಕ್ಕ ಬಂದು ಎಷ್ಟು ಕಾಲವಾದರೂ ತೋಟದವರ ಬಾಯಲ್ಲಿ ಮಳೆ ಇಂಚು-ಸೆಂಟಿನಲ್ಲೇ ಬೀಳುತ್ತದೆ. ಒಂದಿಂಚಿನ ಆಸುಪಾಸು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಗಿಡಗಳು ಬೆಳ್ಳಗಾಗುತ್ತವೆ. ಅದಾಗಿ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಕಚ್ಚುವುದು ಕಷ್ಟ. ಆ ವರ್ಷದ ಫಸಲಿನ ಸುಳಿವು ಈ ಫೋನಿನ ಮಾತಿನಲ್ಲೇ ಅರ್ಧ ಸಿಕ್ಕಿರುತ್ತದೆ.

ಈ ಮಾತಿಗೆ ತೂಕ ಬರುವುದು ಅದರ ಹಿಂದಿರುವ ಪುಸ್ತಕದಿಂದ. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಬೆಳಿಗ್ಗೆ ಅಳೆದು, ತಾರೀಖು ಹಾಕಿ ಬರೆದಿಡುವ ರೂಢಿ ತೋಟದ ಮನೆಗಳಲ್ಲಿದೆ. ಅಜ್ಜ ಬರೆದ ಪುಟಗಳ ಮುಂದೆ ಮೊಮ್ಮಗಳು ಬರೆಯುತ್ತಿರುವ ಮನೆಗಳೂ ಇವೆ. ಗೆಳೆಯರಿಬ್ಬರು ಸಂಜೆ ಆಡಿದ ಮಾತು ಬೆಳಿಗ್ಗೆ ದಾಖಲೆಯಾಗುತ್ತದೆ. ಹವಾಮಾನ ಬದಲಾಗಿದೆ ಎಂದು ಎಲ್ಲರೂ ಹೇಳುವ ಈ ಕಾಲದಲ್ಲಿ, ಎಷ್ಟು ಬದಲಾಗಿದೆ ಎಂದು ತೋರಿಸಬಲ್ಲ ಮನೆಗಳು ಇವು.

ಉಳಿದ ಕರ್ನಾಟಕವೂ ಇಂಥ ಸುದ್ದಿಯನ್ನು ಹಂಚಿಕೊಳ್ಳುವುದರಲ್ಲಿ ಹಿಂದೆ ಬಿದ್ದಿಲ್ಲ. ವರ್ಷದ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನವರ ಫೋನಿನ ತುಂಬ ಗುಲಾಬಿ ಟಬೂಬಿಯಾ ಹೂವು. ಒಂದರ ಹಿಂದೆ ಒಂದು ಮರ ಅರಳಿ ಊರಿನಲ್ಲಿ ವರ್ಷವಿಡೀ ಹೂವಿರಬೇಕೆಂದು ಲಾಲ್‌ಬಾಗಿನ ತೋಟಗಾರಿಕೆ ತಜ್ಞ ಕ್ರುಂಬಿಗೆಲ್ ಯೋಜಿಸಿದ್ದು, 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳ ಅವರು ಬೀದಿಬೀದಿಗೆ ಗಿಡ ನೆಡಿಸಿದ್ದು ಇವತ್ತಿಗೂ ಫಲ ಕೊಡುತ್ತಿದೆ. ಯುಗಾದಿಯ ಹೊತ್ತಿಗೆ ಹೊಂಗೆಯ ಚಿಗುರು, ಬೇವಿನ ಹೂವು, ಕೋಗಿಲೆಯ ಕೂಗು. ಮಳೆಗಾಲ ಮುಗಿಯುತ್ತ ಬಂದಾಗ ಬಾಲ ಕುಣಿಸುತ್ತ ಬಂದಿಳಿದ ಕುಂಡೆಕುಸ್ಕ. ಚಳಿ ಶುರುವಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು. ಗೆಳೆಯರ ಗುಂಪುಗಳಲ್ಲಿ ಇವುಗಳ ಚಿತ್ರ ಬರುತ್ತದೆ, ನಾಲ್ಕು ಜನ ‘ಆಹಾ’ ಎನ್ನುತ್ತಾರೆ, ಮರುದಿನ ಚಿತ್ರ ಕೆಳಗೆ ಸರಿದುಹೋಗುತ್ತದೆ. ಯಾವ ಊರು, ಯಾವ ದಿನ ಎಂಬುದಿರುವುದಿಲ್ಲ. ಫೋನು ಬದಲಾಯಿಸಿದ ದಿನ ಐದಾರು ವರ್ಷಗಳ ಋತುಗಳೇ ಅಳಿಸಿಹೋಗುತ್ತವೆ. ಇದು ಸಣ್ಣ ನಷ್ಟವಲ್ಲ.

ಎಷ್ಟು ದೊಡ್ಡ ನಷ್ಟ ಎಂಬುದನ್ನು ತಿಳಿಯಲು ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ರಾಬರ್ಟ್ ಮಾರ್ಷಂ ಎಂಬ ಜಮೀನುದಾರನನ್ನು ನೆನೆಯಬೇಕು. ಆತ 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ತೊಡಗಿದ. ಮೊದಲ ಹೂವು ಬಿಟ್ಟ ದಿನ, ಓಕ್ ಮರ ಚಿಗುರಿದ ದಿನ, ಕಪ್ಪೆ ವಟಗುಟ್ಟಿದ ದಿನ, ಕವಲುತೋಕೆ ಹಕ್ಕಿ ಮರಳಿ ಬಂದ ದಿನ. ಇಂಥ 27 ಗುರುತುಗಳು. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನೂರಿನ ಹಕ್ಕಿ, ಹುಳ, ಗಿಡಮರಗಳ ಬಗ್ಗೆ ಗೆಳೆಯರಿಗೆ ಬರೆದ ಪತ್ರಗಳು 1789ರ ಸುಮಾರಿಗೆ ಪುಸ್ತಕವಾಗಿ ಬಂದಾಗ, ಎಂಬತ್ತು ದಾಟಿದ ಮಾರ್ಷಂ ಅದನ್ನೋದಿ ಆತನಿಗೆ ಪತ್ರ ಬರೆದ. ವೈಟ್ 1793ರಲ್ಲಿ ತೀರಿಕೊಳ್ಳುವವರೆಗೂ ಇಬ್ಬರು ವೃದ್ಧರ ನಡುವೆ ಮರಗಳ ಸುತ್ತಳತೆ, ಹಕ್ಕಿಗಳ ಬರವು-ಹೋಗುವಿಕೆಯ ಸಮಾಚಾರ ಹರಿದಾಡಿತು. ಮಾರ್ಷಂ ಸತ್ತ ಮೇಲೂ ಮನೆತನದವರು ಲೆಕ್ಕ ಬಿಡಲಿಲ್ಲ, 1958ರವರೆಗೂ ಬರೆದರು. ಬೆಚ್ಚಗಿನ ವರ್ಷಗಳಲ್ಲಿ ಮರಗಳು ಎಷ್ಟು ಮುಂಚೆ ಚಿಗುರುತ್ತವೆ ಎಂದು ನಮ್ಮ ಕಾಲದ ವಿಜ್ಞಾನಿಗಳು ಲೆಕ್ಕ ಹಾಕಲು ಕೂತಾಗ, ಎರಡು ಶತಮಾನ ದಾಟಿದ ಆ ಪಟ್ಟಿ ಅವರ ಕೈಗೆ ಸಿಕ್ಕಿತು.

ನಮ್ಮಲ್ಲೂ ಇದು ಆಗಬಲ್ಲದು ಎನ್ನುವುದಕ್ಕೆ ಪುರಾವೆ ಇದೆ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಬಂದ ವರದಿಗೆ ಆಧಾರ 30,000ಕ್ಕೂ ಹೆಚ್ಚು ವೀಕ್ಷಕರು ಕಳಿಸಿದ ಸುಮಾರು ಮೂರು ಕೋಟಿ ದಾಖಲೆಗಳು. ಅವರಲ್ಲಿ ಬಹುಪಾಲು ಜನ ಬೇರೆ ಉದ್ಯೋಗದವರು; ಬೆಳಿಗ್ಗೆ ಮನೆಯ ಹಿತ್ತಲಲ್ಲೋ ಕೆರೆ ಏರಿಯ ಮೇಲೋ ಸ್ವಲ್ಪ ಹೊತ್ತು ನಿಂತು ಕಂಡದ್ದನ್ನೆಲ್ಲ ಬರೆದವರು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಹನ್ನೆರಡು ವರ್ಷಗಳಲ್ಲಿ ಶೇಕಡಾ 30ರಷ್ಟು ಇಳಿದಿದೆ ಎಂಬ ಎಚ್ಚರಿಕೆ ಹೊರಬಿದ್ದದ್ದು ಆ ಬರಹದಿಂದ. ವಿದ್ಯುತ್ ತಂತಿಯ ಮೇಲೆ ಕಾಣುತ್ತಿದ್ದ ಹಕ್ಕಿ ಈಚೆಗೆ ಕಾಣುತ್ತಿಲ್ಲ ಎಂದು ಬಯಲುಸೀಮೆಯವರು ಮಾತಾಡಿಕೊಂಡರಷ್ಟೇ ಅದು ಸಾಬೀತಾಗುತ್ತಿರಲಿಲ್ಲ. ಗುಬ್ಬಚ್ಚಿಯ ಕತೆ ಇದಕ್ಕೆ ತಿರುಗಾಮುರುಗಾ. ಅದು ನಾಡಿನಿಂದಲೇ ಮಾಯವಾಯಿತೆಂದು ನಗರದವರು ವರ್ಷಗಟ್ಟಲೆ ಮರುಗಿದರು. ಹಕ್ಕಿಗಳ ಸ್ಥಿತಿಗತಿಯ ಇಂಥದೇ 2020ರ ವರದಿಯ ಪ್ರಕಾರ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಅದು ಕಡಿಮೆಯಾಗಿರುವುದು ನಿಜ, ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಹಳ್ಳಿಯವರ ಪಟ್ಟಿಯೂ ಸೇರಿದ್ದರಿಂದ ಇದು ತಿಳಿಯಿತು.

ಪಕ್ಕದ ಕೇರಳದ ಶಾಲಾಮಕ್ಕಳು ‘ಸೀಸನ್‌ವಾಚ್’ ಯೋಜನೆಯಡಿ ಇಂಥದೇ ಕೆಲಸ ಮಾಡುತ್ತಿದ್ದಾರೆ. ಒಂದೊಂದು ಮಗುವಿಗೆ ಒಂದೊಂದು ಮರ. ವಾರಕ್ಕೊಮ್ಮೆ ಚಿಗುರಿದೆಯೇ, ಹೂವಿದೆಯೇ, ಕಾಯಿದೆಯೇ ಎಂದು ನೋಡಿ ಬರೆಯುವುದು. ಹೂವಿಲ್ಲದಿದ್ದರೆ ‘ಇಲ್ಲ’ ಎಂದು ಬರೆಯಲೇಬೇಕು. ಈ ‘ಇಲ್ಲ’ಕ್ಕೆ ಬೆಲೆ ಹೆಚ್ಚು. ಕಳೆದ ವಾರ ಇರಲಿಲ್ಲ ಎಂದು ಗೊತ್ತಿದ್ದರೆ ತಾನೆ ಈ ವಾರದ್ದು ಮೊದಲ ಹೂವು ಎನ್ನಲು ಬರುವುದು!

ಎಲ್ಲವನ್ನೂ ಎಲ್ಲರಿಗೂ ಸಾರಬೇಕೆಂದಲ್ಲ. ಗೂಡಿನ ಜಾಗ ಹೊರಬಿದ್ದರೆ ಕ್ಯಾಮೆರಾ ಹಿಡಿದವರು ಮುತ್ತಿಕೊಳ್ಳುತ್ತಾರೆ, ತಾಯಿಹಕ್ಕಿ ಮರಿಗಳನ್ನೇ ಬಿಟ್ಟು ಹೋಗಬಹುದು. ದೀಪಾವಳಿಯ ಸುತ್ತ ಮಾಟಮಂತ್ರದ ಹೆಸರಿನಲ್ಲಿ ಗೂಬೆಗಳನ್ನು ಹಿಡಿದು ಮಾರುವ ದುಷ್ಟ ದಂಧೆ ಇನ್ನೂ ನಿಂತಿಲ್ಲ. ಗೂಡು, ಗೂಬೆ, ಅಪರೂಪದ ಹಕ್ಕಿಯ ಠಾವು ನಂಬಿಕಸ್ಥರಲ್ಲೇ ಉಳಿಯಲಿ. ಹೊಂಗೆ ಚಿಗುರಿದ್ದಕ್ಕೆ, ಮಾವು ಹೂ ಕಟ್ಟಿದ್ದಕ್ಕೆ ಅಂಥ ಗುಟ್ಟು ಬೇಕಿಲ್ಲ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿದೆ. ಎಷ್ಟು ಬಿತ್ತು ಎಂಬುದನ್ನು ಯಂತ್ರ ತಾನಾಗಿ ಕಳಿಸುತ್ತದೆ. ಆ ಮಳೆಗೆ ಯಾವ ಮರ ಹೂ ಬಿಟ್ಟಿತು, ಯಾವ ಹಕ್ಕಿ ಬಂತು ಎಂಬುದನ್ನು ಮನುಷ್ಯರೇ ಹೇಳಬೇಕು. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿನ ಮೇಜಿನ ಮೇಲೆ ಗಟ್ಟಿ ರಟ್ಟಿನ ಒಂದು ಪುಸ್ತಕ, ದಾರ ಕಟ್ಟಿದ ಒಂದು ಪೆನ್ನು ಇಟ್ಟರೆ ಆರಂಭಕ್ಕೆ ಸಾಕು. ತಾರೀಖು, ಊರು, ಕಂಡದ್ದು, ಕಂಡವರ ಹೆಸರು ಎಂದು ನಾಲ್ಕು ಕಾಲಂ. ರೋಹಿಣಿ, ಮೃಗಶಿರಾ ಎಂದು ಮಳೆ ಎಣಿಸುವ ಹಿರಿಯರು ಮಳೆಯ ಹೆಸರಿಗೆ ಐದನೆಯ ಕಾಲಂ ಕೇಳಿಯಾರು, ಅದನ್ನೂ ಎಳೆದುಕೊಡಬೇಕು. ತಿಂಗಳಿಗೊಮ್ಮೆ ಶಾಲೆಯ ಮಕ್ಕಳು ಬಂದು ಪುಟದ ಫೋಟೊ ತೆಗೆದಿಟ್ಟರೆ ಮಳೆ ಸೋರಿಕೆಗೂ ಗೆದ್ದಲಿಗೂ ಹೆದರಬೇಕಾಗಿಲ್ಲ. ಮುಂದಿನ ಯುಗಾದಿಗೆ ಮೊದಲು, ಜನವರಿಯಲ್ಲೇ ಈ ಪುಸ್ತಕ ಮೇಜಿನ ಮೇಲೆ ಬಂದರೆ ಮಾವಿನ ಹೂವಿನಿಂದಲೇ ಬರೆಯಲು ಶುರುಮಾಡಬಹುದು.