ನೆಲದ ಬಾಯಿ

ನಮ್ಮ ಮೊಮ್ಮಗನು ಇಂಗ್ಲಿಷ್ ಪಾಠವನ್ನೋದುತ್ತ, ‘ಟ್ರಾಪ್‌ಡೋರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುವರೆಂದು ಕೇಳಿದನು. ನೆಲದಲ್ಲಿಯೋ ಅಟ್ಟದಲ್ಲಿಯೋ ಇರುವ ಬಾಗಿಲಿಗೆ ಆ ಹೆಸರಷ್ಟೆ. ಅಕ್ಷರಶಃ ತಂದರೆ ‘ಬೋನಿನ ಬಾಗಿಲು’ ಎಂದಾಗುವುದು. ಆಗ ಇಲಿಯು ನೆನಪಿಗೆ ಬರುವುದೇ ಹೊರತು ಮನೆಯಲ್ಲ. ಸಂಸ್ಕೃತದಿಂದ ‘ಗುಪ್ತದ್ವಾರ’ವೆಂದು ಕಟ್ಟಿದರೆ ಅರಮನೆಯ ಮಾತಾಯಿತು.

ನಮ್ಮ ಹಿರಿಯರು ಅಟ್ಟದ್ದನ್ನು ‘ಕಿಂಡಿ’ಯೆಂದರು, ಹಗೇವಿನದನ್ನು ‘ಬಾಯಿ’ಯೆಂದರು. ನಮ್ಮ ‘ಬಾಗಿಲಿ’ಗೆ ಸೋದರನಾದ ತಮಿಳಿನ ‘ವಾಯಿಲ್’ ಶಬ್ದದಲ್ಲಿಯೂ ಬಾಯಿ, ಮನೆ ಎಂಬೆರಡು ಪದಗಳು ಕೂಡಿಕೊಂಡಿವೆ.

ಹಗೇವೆಂದರೆ ನೆಲದೊಳಗಣ ಕಣಜ. ಕೆಲವೆಡೆ ‘ಹಗೆ’ಯೆಂದೂ ಹೇಳುವರು. ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಬಹುಕಾಲ ಕೆಡದು. ಧಾನ್ಯವೂ ಹುಳುಗಳೂ ಒಳಗಿನ ಪ್ರಾಣವಾಯುವನ್ನು ಉಸಿರಾಡಿ ಮುಗಿಸಿ ಇಂಗಾಲಾಮ್ಲ ವಾಯುವನ್ನು ಬಿಡುವುದರಿಂದ ಹುಳುಗಳು ಬದುಕಲಾರವು. ಧಾನ್ಯವನ್ನು ಕಾಯುವ ಆ ಗಾಳಿಯೇ ಒಳಗಿಳಿದವನಿಗೆ ಮೃತ್ಯು. ‘ಹಗೆ’ಗೆ ಶತ್ರುವೆಂಬ ಅರ್ಥವೂ ಇರುವುದು ಆಕಸ್ಮಿಕವಿರಬಹುದು, ನಮಗಂತೂ ಅದು ಎಚ್ಚರಿಕೆಯಾಗಿ ಕೇಳಿಸುತ್ತದೆ.

ನಾವು ಹತ್ತು ವರ್ಷದ ಹುಡುಗರಾಗಿದ್ದಾಗ ಒಮ್ಮೆ, ಚಪ್ಪಡಿ ಸರಿಸಿದೊಡನೆಯೇ ಹಗೇವಿಗೆ ಇಳಿಯಹೊರಟೆವು. ನಮ್ಮ ತಾತನವರು ರಟ್ಟೆ ಹಿಡಿದು ಹಿಂದಕ್ಕೆಳೆದರು. ಮರುಮಾತಾಡದೆ ಒಂದು ದೀಪವನ್ನು ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿದರು. ಎರಡು ಮೊಳ ಇಳಿಯುವಷ್ಟರಲ್ಲಿ ಅದು ನಂದಿಹೋಯಿತು. ಆ ದಿನ ಸಂಜೆಯವರೆಗೂ ಯಾರೂ ಇಳಿಯಲಿಲ್ಲ.

ಈಗ ಹಗೇವುಗಳು ವಿರಳವಾಗಿವೆ. ಆದರೆ ಪಟ್ಟಣದ ಅನೇಕ ಮನೆಗಳಲ್ಲಿ ನೆಲದಡಿಯ ನೀರಿನ ಸಂಪು ಉಂಟು. ಹೆಸರು ಇಂಗ್ಲಿಷಿನದು, ಬಾಯಿ ಮಾತ್ರ ಹಳೆಯದೇ. ಮುಚ್ಚಳವು ತುಕ್ಕು ಹಿಡಿದಿದ್ದರೆ ಕೂಡಲೇ ಬದಲಾಯಿಸತಕ್ಕದ್ದು. ಮಕ್ಕಳು ಎತ್ತದಂತೆ ಬೀಗ ಹಾಕಿಸತಕ್ಕದ್ದು. ತೊಳೆಯಲು ಆಳನ್ನು ಇಳಿಸುವ ಮುನ್ನ ಬಹಳ ಹೊತ್ತು ತೆರೆದಿಟ್ಟು ಗಾಳಿಯಾಡಿಸಬೇಕು, ಮೇಲೊಬ್ಬನು ಕಾದಿರಬೇಕು. ತಾತನ ದೀಪವನ್ನು ಇಲ್ಲಿ ನಂಬಲಾಗದು. ದೀಪವು ಉರಿದ ಮಾತ್ರಕ್ಕೆ ಗಾಳಿ ಒಳ್ಳೆಯದೆಂದಲ್ಲ; ಹೊಸದಾಗಿ ಬಣ್ಣ ಬಳಿದಿದ್ದರೆ ಅದರ ಆವಿಯೇ ಹೊತ್ತಿಕೊಂಡೀತು. ಒಳಗೊಬ್ಬನು ಕುಸಿದರೆ, ಮರುಕದಿಂದ ಇನ್ನೊಬ್ಬನು ಇಳಿಯಲೇ ಕೂಡದು. ಅಗ್ನಿಶಾಮಕ ದಳದವರನ್ನು ಕರೆಯಬೇಕು. ಹೀಗೆ ಇಳಿದು ಇಬ್ಬರೂ ಮೂವರೂ ಒಟ್ಟಿಗೆ ಪ್ರಾಣ ಬಿಟ್ಟುದುಂಟು.

ಮೊಮ್ಮಗನಿಗೆ ‘ನೆಲಬಾಗಿಲು’ ಎಂದು ಬರೆದುಕೊಳ್ಳಲು ಹೇಳಿದೆವು. ಬಳಿಕ ಅಂಗಳಕ್ಕೆ ಹೋಗಿ ನಮ್ಮ ಸಂಪನ್ನು ನೋಡಿದೆವು. ಬೀಗವಿರಲಿಲ್ಲ. ನಾಳೆಯೇ ಹಾಕಿಸುವೆವು.