ಬರೀ ಗ್ಯಾಸ್ಟ್ರಿಕ್ಕಾ?

ಯಾವ ಊರಿನ ಮೆಡಿಕಲ್ ಶಾಪಿನ ಮುಂದೆ ಹತ್ತು ನಿಮಿಷ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: 'ಗ್ಯಾಸ್ಟ್ರಿಕ್ ಮಾತ್ರೆ ಕೊಡಿ ಸಾರ್, ಮೊನ್ನೆ ಕೊಟ್ಟಿದ್ರಲ್ಲ, ಅದೇ.' ಅಂಗಡಿಯವರು ಶೀಟಿನಿಂದ ನಾಲ್ಕು ಕತ್ತರಿಸಿ ಕೊಡುತ್ತಾರೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಬೆನ್ನು ಹಿಡಿದದ್ದು ಎಲ್ಲಕ್ಕೂ ನಮ್ಮಲ್ಲಿ ಒಂದೇ ಹೆಸರು. ಮಲದಲ್ಲಿ ರಕ್ತ ಕಂಡರೆ ಅದು ಪೈಲ್ಸ್, ಇಲ್ಲವೇ 'ಹೀಟ್'. ಬಹುಪಾಲು ಸಲ ಈ ಊಹೆ ಸರಿಯೇ ಇರುತ್ತದೆ. ಸರಿಯಿಲ್ಲದ ಆ ಕೆಲವರ ಬಗ್ಗೆ ಈ ಟಿಪ್ಪಣಿ.

ಜಠರದ ಕ್ಯಾನ್ಸರ್ ಎಳೆಯದಾಗಿದ್ದಾಗ ಸಾಮಾನ್ಯವಾಗಿ ಸದ್ದೇ ಮಾಡುವುದಿಲ್ಲ. ಮಾಡಿದರೂ ಎದೆಯುರಿಯ ವೇಷದಲ್ಲಿ. ಅದರ ಮೇಲೆದ್ದ ಹುಣ್ಣು ಮಾಯುತ್ತದೆ, ಮತ್ತೆ ಬಾಯಿ ಬಿಡುತ್ತದೆ, ಮತ್ತೆ ಮಾಯುತ್ತದೆ. ಜಪಾನಿನ ವೈದ್ಯರು ಈ ಆಟವನ್ನು ಎಂದೋ ಗುರುತಿಸಿದ್ದರು. ಆಮ್ಲ ತಗ್ಗಿಸುವ ಮಾತ್ರೆ ಬಿದ್ದರೆ ಹುಣ್ಣು ಮಾಯುವುದು ಇನ್ನೂ ಸಲೀಸು. ಔಷಧಿ ಹಿಡಿಸಿತು ಅಂತ ರೋಗಿಗೆ ಸಮಾಧಾನ. ಅಡಿಯಲ್ಲಿರುವುದು ಅಲ್ಲೇ ಇರುತ್ತದೆ.

ಹಿಡಿಯಬೇಕಾದದ್ದು ಆ ಹೊತ್ತಿನಲ್ಲೇ. 'ಆರಂಭಿಕ' ಎಂದರೆ ಎಲ್ಲಿಯವರೆಗೆ ಎಂಬುದಕ್ಕೆ 1962ರಲ್ಲಿ ಜಪಾನಿನ ತಜ್ಞರು ಗೆರೆ ಎಳೆದರು: ಜಠರದ ಒಳಪದರ, ಹೆಚ್ಚೆಂದರೆ ಅದರ ಕೆಳಗಿನದು, ಸ್ನಾಯುವಿಗೆ ಇಳಿದಿರಬಾರದು. ಈ ಗೆರೆಯೊಳಗೆ ಸಿಕ್ಕಿ ಚಿಕಿತ್ಸೆ ಪಡೆದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಅಲ್ಲಿ ಐದು ವರ್ಷ ದಾಟುತ್ತಾರೆ. ಒಳಪದರದಲ್ಲೇ ಇದ್ದರೆ ಎಷ್ಟೋ ಸಲ ಹೊಟ್ಟೆ ಕೊಯ್ಯುವುದೂ ಬೇಡ. ಬಾಯಿಂದ ಇಳಿಸಿದ ಎಂಡೋಸ್ಕೋಪಿನಲ್ಲೇ ಸುತ್ತ ಚುಕ್ಕಿ ಇಟ್ಟು ಅಡಿಗೆ ದ್ರವ ಚುಚ್ಚುತ್ತಾರೆ; ಆ ಜಾಗ ಪೂರಿಯ ಹಾಗೆ ಉಬ್ಬುತ್ತದೆ; ಉಬ್ಬಿದ್ದನ್ನು ಸುತ್ತಲೂ ಬಿಡಿಸಿ ಇಡಿಯಾಗಿ ಎಬ್ಬಿಸಿ ತೆಗೆಯುತ್ತಾರೆ. ಇದಕ್ಕೆಂದು ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ರೂಪುಗೊಂಡ ಚಾಕುವಿನ ತುದಿಗೆ ಪಿಂಗಾಣಿಯ ಪುಟ್ಟ ಗುಂಡು, ಜಠರದ ಗೋಡೆ ತೂತಾಗದಿರಲಿ ಎಂದು. ಈ ವಿದ್ಯೆ ಬೆಂಗಳೂರಿಗೂ ಬಂದಾಗಿದೆ. ರೋಗಿ ಮಾತ್ರ ಆ ಹಂತದಲ್ಲಿ ಬರುವುದಿಲ್ಲ.

ಹಾಗೆಂದು ಜಪಾನಿನಂತೆ ಐವತ್ತು ದಾಟಿದವರಿಗೆಲ್ಲ ಎಂಡೋಸ್ಕೋಪಿ ಮಾಡಿಸಿ ಎನ್ನುವುದು ನಮ್ಮ ವಾದವಲ್ಲ. ಅಲ್ಲಿ ಈ ರೋಗ ನಮಗಿಂತ ಬಹಳ ಹೆಚ್ಚು. ಮಾಸ್ಟರ್ ಚೆಕಪ್ ಮಾರುವವರಿಗೆ ಇನ್ನೊಂದು ಸರಕು ಒದಗಿಸುವುದೂ ಬೇಡ. ಆದರೆ ಕೇಂದ್ರ ಸರ್ಕಾರದ ತಪಾಸಣಾ ಕಾರ್ಯಕ್ರಮ ನೋಡುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳನ್ನು. ಅನ್ನನಾಳ, ಜಠರ, ಕರುಳು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕಾವಲು ಕಾಯಬೇಕಾದವರು ಊರಿನ ಡಾಕ್ಟರು, ಮೆಡಿಕಲ್ ಶಾಪಿನವರು. ಮೂರನೆಯ ಸಲ ಅದೇ ಮಾತ್ರೆ ಕೇಳಿ ಬಂದವರಿಗೆ 'ಎಷ್ಟು ದಿನದಿಂದ ಹೀಗಿದೆ? ತೂಕ ಇಳಿದಿದೆಯಾ? ಮಲ ಡಾಂಬರಿನ ಹಾಗೆ ಕಪ್ಪಗಿದೆಯಾ? ಮುದ್ದೆ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಳ್ಳುತ್ತಾ?' ಎಂದು ಕೇಳಲು ಯಂತ್ರ ಬೇಡ. (ಇವು ಎಷ್ಟೋ ಸಲ ರೋಗ ಬಲಿತ ಮೇಲಿನ ಗುರುತುಗಳು, ನಿಜ. ಅವನ್ನೂ ಕೇಳುತ್ತಿಲ್ಲವಲ್ಲ!)

ಅರವತ್ತರ ಗಂಡಸಿಗೆ 'ರಕ್ತ ಕಡಿಮೆ' ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳಿಸುವುದು ಇನ್ನೊಂದು ರೂಢಿ. ಆ ರಕ್ತ ಹೋದದ್ದಾದರೂ ಎಲ್ಲಿಗೆ? ಕರುಳಿನಲ್ಲಿ ಹನಿಹನಿಯಾಗಿ ಸೋರುತ್ತಿರಬಹುದು. ದೊಡ್ಡ ಕರುಳಿನ ಪಾಲಿಪ್ ಕ್ಯಾನ್ಸರಾಗಿ ತಿರುಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಅಷ್ಟರೊಳಗೆ ಕಂಡರೆ ಕೊಲೊನೋಸ್ಕೋಪಿಯಲ್ಲೇ ಕತ್ತರಿಸಿ ತೆಗೆಯಬಹುದು. ಇನ್ನು ಪೈಲ್ಸ್ ಎಂದು ಬಂದವರನ್ನು ಬೆರಳಿಟ್ಟು ಪರೀಕ್ಷಿಸಲು ಬೇಕಾದದ್ದು ಒಂದು ಗ್ಲೌಸು, ಒಂದು ನಿಮಿಷ. ಅದನ್ನೂ ಮಾಡದೆ ಬರೆದುಕೊಟ್ಟ ಮುಲಾಮಿನ ಟ್ಯೂಬು ಎಷ್ಟು ಮನೆಗಳ ಬಚ್ಚಲ ಗೂಡಿನಲ್ಲಿದೆಯೋ.