ತಾಯಿಯ ಮೂಗೂ ಯಂತ್ರದ ತಕ್ಕಡಿಯೂ

ಕೂಸಿನ ಮೈಗಂಧವನ್ನು ತಾಯಿಗಿಂತ ಚೆನ್ನಾಗಿ ಬಲ್ಲವರುಂಟೆ? ಅದು ಎಂದಿನಂತಿಲ್ಲವಾದರೆ ಆಕೆ ಒಡನೆಯೇ ಅರಿಯುವಳು. ಮನೆಯವರಾದರೋ ದೃಷ್ಟಿಯೆಂದೋ ಹಾಲಿನ ದೋಷವೆಂದೋ ಹೇಳಿ ಸುಮ್ಮನಾಗುವುದುಂಟು. ಅಂತಹ ಮಾತನ್ನು ವೈದ್ಯರು ಕಿವಿಗೊಟ್ಟು ಕೇಳಿದುದರಿಂದ ಎಂತಹ ಉಪಕಾರವಾಯಿತೆಂಬುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಉಂಡ ಅನ್ನವು ದೇಹದಲ್ಲಿ ಒಡೆದು, ಮಾರ್ಪಟ್ಟು, ಮತ್ತೆ ಕೂಡಿಕೊಳ್ಳುವುದು. ಕಟ್ಟುವ ಕೆಲಸಕ್ಕೆ ಚಯವೆಂದೂ ಕೆಡಹುವ ಕೆಲಸಕ್ಕೆ ಅಪಚಯವೆಂದೂ ಹೆಸರು. ಎರಡೂ ಕೂಡಿ ಚಯಾಪಚಯ. ಇದರಲ್ಲಿ ಹುಟ್ಟುವ ಬಗೆಬಗೆಯ ಸೂಕ್ಷ್ಮ ದ್ರವ್ಯಗಳು ರಕ್ತಮೂತ್ರಗಳಲ್ಲಿ ಸಂಚರಿಸುವುವು. ನಮ್ಮ ಪ್ರಾಚೀನ ವೈದ್ಯರು ಮಧುಮೇಹವೆಂದು ಹೆಸರಿಟ್ಟಾಗ ಇಂತಹ ದ್ರವ್ಯವೊಂದರ ಗುರುತನ್ನೇ ಹಿಡಿದಿದ್ದರು.

೧೯೩೪ರಲ್ಲಿ ನಾರ್ವೆ ದೇಶದ ಆಸ್ಲೋ ನಗರದಲ್ಲಿ, ಬುದ್ಧಿ ಬೆಳೆಯದ ಇಬ್ಬರು ಮಕ್ಕಳ ತಾಯಿಯೊಬ್ಬಳು, ಅವರಿಂದ ಬರುವ ವಿಚಿತ್ರ ವಾಸನೆಗೆ ಕಾರಣವೇನೆಂದು ಹಲವರನ್ನು ಕೇಳಿ, ಕೊನೆಗೆ ಫಾಲಿಂಗ್ ಎಂಬ ವೈದ್ಯರಲ್ಲಿಗೆ ಬಂದಳು. ಅವರು ರಸಾಯನಶಾಸ್ತ್ರವನ್ನೂ ಬಲ್ಲವರು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡನ್ನು ಹಾಕಲು ಹಸುರು ಬಣ್ಣ ತೋರಿತು. ಅದನ್ನು ಉಂಟುಮಾಡಿದ ದ್ರವ್ಯವನ್ನು ತಿಳಿಯಲು ಲೀಟರುಗಟ್ಟಲೆ ಮೂತ್ರವನ್ನು ಶೋಧಿಸಬೇಕಾಯಿತು. ಹಾಲು ಬೇಳೆಗಳ ಪ್ರೋಟೀನಿನಲ್ಲಿರುವ ಫಿನೈಲ್‌ಅಲನೀನನ್ನು ಮಾರ್ಪಡಿಸುವ ಶಕ್ತಿ ಆ ಮಕ್ಕಳಿಗೆ ಹುಟ್ಟಿನಿಂದಲೇ ಇರಲಿಲ್ಲ. ಅದು ಮೈಯಲ್ಲಿ ಕೂಡಿ ಮೆದುಳನ್ನು ಕೆಡಿಸಿತ್ತು.

ಇಂತಹ ಶ್ರಮವನ್ನು ಹಗುರಗೊಳಿಸಿದವು ಎರಡು ವಿದ್ಯೆಗಳು. ಮೊದಲನೆಯದು ಕ್ರೊಮಟೋಗ್ರಫಿ, ಎಂದರೆ ವರ್ಣಲೇಖನ. ರಷ್ಯದ ಸಸ್ಯಶಾಸ್ತ್ರಜ್ಞ ಸ್ವೆಟ್ ಎಂಬವರು ೧೯೦೩ರಷ್ಟು ಹಿಂದೆಯೇ ಇದನ್ನು ತೋರಿಸಿದರು. ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ನಳಿಗೆಯಲ್ಲಿ ಇಳಿಯಬಿಡಲು ಹಸುರು ಹಳದಿಗಳು ಪಟ್ಟೆಪಟ್ಟೆಯಾಗಿ ಬೇರಾದುವು. ಜಾತ್ರೆಯಿಂದ ಹಿಂದಿರುಗುವ ಜನರಲ್ಲಿ ಅಂಗಡಿ ಅಂಗಡಿಗೂ ನಿಲ್ಲುವವನು ತಡವಾಗಿ ಮನೆ ಸೇರುವನಷ್ಟೆ, ದ್ರವ್ಯಗಳೂ ಹಾಗೆಯೇ. ಈಗ ಆವಿಯನ್ನು ಉದ್ದವಾದ ಸಣ್ಣ ನಳಿಗೆಯಲ್ಲಿ ಹಾಯಿಸಿಯೂ ಬೇರ್ಪಡಿಸುವರು. ಎರಡನೆಯದು ಮಾಸ್ ಸ್ಪೆಕ್ಟ್ರಾಮೆಟ್ರಿ. ಬೇರಾಗಿ ಬಂದ ದ್ರವ್ಯದ ಅಣುಗಳಿಗೆ ವಿದ್ಯುದಂಶವನ್ನು ಕೊಟ್ಟು, ಒಡೆದು, ಆ ಚೂರುಗಳನ್ನು ತೂಕದ ಮೇಲೆ ವಿಂಗಡಿಸುವುದು. ಮೊರದಲ್ಲಿ ಕೇರುವಾಗ ಹೊಟ್ಟು ದೂರ ಹಾರಿ ಕಾಳು ಉಳಿಯುವಂತೆ, ಅಯಸ್ಕಾಂತದ ಎಡೆಯಲ್ಲಿ ಹಗುರವಾದುದು ಹೆಚ್ಚು ಬಾಗುವುದು, ಭಾರವಾದುದು ಕಡಮೆ. ಮೊದಲನೆಯ ವಿದ್ಯೆ ಗುಂಪನ್ನು ಬಿಡಿಸುವುದು. ಎರಡನೆಯದು ಒಬ್ಬೊಬ್ಬರ ಹೆಸರು ಹೇಳುವುದು.

ಇವೆರಡೂ ಒಂದೆಡೆ ಕೂಡಿದ ಫಲವು ೧೯೬೬ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕಂಡಿತು. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಆಗಾಗ್ಗೆ ವಾಂತಿಯೂ ಮಂಪರೂ ಬರುತ್ತಿದ್ದುವು. ಮೈಯಿಂದ ಬೆವರಿದ ಪಾದದ ವಾಸನೆ ಹೊರಡುತ್ತಿತ್ತು. ತನಾಕ ಎಂಬವರೂ ಸಂಗಡಿಗರೂ ಪರೀಕ್ಷಿಸಲು, ಐಸೋವಲೆರಿಕ್ ಆಮ್ಲವೆಂದು ಯಂತ್ರವು ತಿಳಿಸಿತು. ಕಾರಣ ತಿಳಿಯಲು ಪಥ್ಯವೂ ತಿಳಿಯಿತು: ಪ್ರೋಟೀನನ್ನು ಮಿತಗೊಳಿಸುವುದು, ಆಮ್ಲವನ್ನು ಮೂತ್ರದಲ್ಲಿ ಹೊರಗೆ ಸಾಗಿಸುವ ಗ್ಲೈಸೀನನ್ನು ಕೊಡುವುದು.

ಈಗ ವಾಸನೆ ಬರುವತನಕ ಕಾಯಬೇಕಾದುದಿಲ್ಲ. ಹುಟ್ಟಿ ಒಂದು ದಿನ ಕಳೆದ ಮೇಲೆ, ಕೂಸಿನ ಹಿಮ್ಮಡಿಯಿಂದ ಕೆಲವು ತೊಟ್ಟು ರಕ್ತವನ್ನು ಕಾಗದದ ಮೇಲೆ ಒಣಗಿಸಿ ಕಳುಹಿಸಿದರೆ ಸಾಕು. ಎರಡು ಸ್ಪೆಕ್ಟ್ರಾಮೀಟರುಗಳನ್ನು ಜೋಡಿಸಿದ ಯಂತ್ರವು ಇಂತಹ ಹಲವು ರೋಗಗಳ ಸುಳಿವನ್ನು ಕೆಲವೇ ನಿಮಿಷಗಳಲ್ಲಿ ಕೊಡುವುದು. ಸುಳಿವೇ ನಿರ್ಣಯವಲ್ಲ, ಮರುಪರೀಕ್ಷೆ ಅವಶ್ಯ. ಆದರೆ ಫಾಲಿಂಗರು ಕಂಡ ರೋಗದಲ್ಲಿ ಮೊದಲ ವಾರಗಳಲ್ಲಿಯೇ ಪಥ್ಯವನ್ನು ಹಿಡಿದರೆ ಮಗು ಇತರ ಮಕ್ಕಳಂತೆ ಓದಿ ಬೆಳೆಯುವುದು. ತಡಮಾಡಿದರೆ ಕೆಟ್ಟ ಮೆದುಳು ಹಿಂದಿರುಗದು.

ನಮ್ಮ ದೇಶದಲ್ಲಿ ಎಲ್ಲ ಕೂಸುಗಳಿಗೂ ಈ ಪರೀಕ್ಷೆ ಇನ್ನೂ ಒದಗಿಲ್ಲ. ಆದಕಾರಣ ಹೆರಿಗೆಯ ಮೊದಲೇ ವೈದ್ಯರನ್ನು ವಿಚಾರಿಸುವುದು ಗೃಹಸ್ಥರ ಕರ್ತವ್ಯ. ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ತಂದುಕೊಳ್ಳುವ ಮನೆತನಗಳಲ್ಲಿಯೂ, ಹಿಂದೆ ಶಿಶುಗಳು ಕಾರಣ ತಿಳಿಯದೆ ಹೋದ ಮನೆಗಳಲ್ಲಿಯೂ ಇದು ಇನ್ನೂ ಮುಖ್ಯ. ಈ ರೋಗಗಳಲ್ಲಿ ಬಹುಪಾಲು ತಂದೆತಾಯಿಗಳಿಬ್ಬರಲ್ಲಿಯೂ ಅಡಗಿದ್ದ ನ್ಯೂನತೆಯು ಮಗುವಿನಲ್ಲಿ ಕೂಡಿದಾಗ ಬರುವಂಥವು. ಹೀಗಿರಲು ಬಾಣಂತಿಯೊಬ್ಬಳನ್ನೇ ದೂರುವುದು ಶಾಸ್ತ್ರಕ್ಕೂ ಹೊಂದದು, ಧರ್ಮಕ್ಕೂ ಹೊಂದದು. ಆಕೆ "ಮಗು ಎಂದಿನಂತಿಲ್ಲ" ಎಂದರೆ ಹಿರಿಯರು ಆ ಮಾತನ್ನು ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಲಿ.